ಒಬ್ಬನ ಮಟ್ಟಿಗಿನ ಧರ್ಮ

ಪದಗಳಿಲ್ಲದ ಸಂಗೀತಕ್ಕೆ ಹೆಸರಿಡುವುದು ಸುಲಭದ ಕೆಲಸವಲ್ಲ. ಹಾಡಾದರೆ ಅದರ ಮೊದಲ ಮಾತೇ ಹೆಸರಾಗಿ ನಿಲ್ಲುತ್ತದೆ. ಬರಿಯ ವಾದ್ಯಗಳ ರಚನೆಗೆ ಆ ಆಸರೆಯಿಲ್ಲ. ರಾಗತಾಳಗಳ ಹೆಸರು ಹೇಳಿ ಸುಮ್ಮನಾಗುವ ಸೌಕರ್ಯ ನಮ್ಮವರಿಗುಂಟು. ಪಶ್ಚಿಮದ ಶಾಸ್ತ್ರೀಯ ಸಂಗೀತಗಾರರಿಗೆ ಕೃತಿಸಂಖ್ಯೆಯುಂಟು. 1960ರ ದಶಕದ ಕೊನೆಗೆ, ರಾಕ್ ಸಂಗೀತವನ್ನು ಕುಣಿತದ ಅಂಗಳದಿಂದ ಎತ್ತಿ ಕುಳಿತು ಕೇಳುವ ಕಲೆಯನ್ನಾಗಿ ಮಾಡಲು ಹೊರಟ ಇಂಗ್ಲೆಂಡಿನ ತರುಣರಿಗೆ ಈ ಎರಡು ಅನುಕೂಲಗಳೂ ಇರಲಿಲ್ಲ. ಮುಂದೆ 'ಪ್ರೊಗ್ರೆಸಿವ್ ರಾಕ್' ಎಂದು ಹೆಸರಾದ ಪಂಥ ಇವರದೇ. ಹೆಸರುಗಳಿಗಾಗಿ ಇವರು ಪುರಾಣದ ಕಡೆ, ಕಾದಂಬರಿಯ ಕಡೆ, ತತ್ತ್ವಶಾಸ್ತ್ರದ ಕಡೆ ಕೈಚಾಚಿದರು. ಹಾಗೆ ಚಾಚಿದ ಕೈಗೆ ಒಮ್ಮೆ ನಮ್ಮ ದೇಶದ ಮಾತೊಂದು ಸಿಕ್ಕಿತು. ಆ ರಚನೆಯ ಹೆಸರು 'ಧರ್ಮ ಫಾರ್ ಒನ್', ಎಂದರೆ ಒಬ್ಬನಿಗೆ ಧರ್ಮ.

ಇದನ್ನು ನುಡಿಸಿದ ತಂಡ ಜೆಥ್ರೊ ಟಲ್. 1701ರಲ್ಲಿ ಬೀಜ ಬಿತ್ತುವ ಯಂತ್ರವೊಂದನ್ನು ರೂಪಿಸಿದ ಇಂಗ್ಲಿಷ್ ಕೃಷಿಕನ ಹೆಸರದು. ಕೂರಿಗೆಯನ್ನು ಕಂಡ ನಮ್ಮ ರೈತನಿಗೆ ಇದರಲ್ಲಿ ಬೆರಗೇನೂ ಕಾಣಲಾರದು, ಅದಿರಲಿ. 1968ರ ಅಕ್ಟೋಬರಿನಲ್ಲಿ ಹೊರಬಂದ 'ದಿಸ್ ವಾಸ್' ಈ ತಂಡದ ಮೊದಲ ಧ್ವನಿಮುದ್ರಿಕೆ. ಇಯಾನ್ ಆಂಡರ್ಸನ್ ಕೊಳಲು ಮತ್ತು ಗಾಯನ, ಮಿಕ್ ಏಬ್ರಹಾಮ್ಸ್ ಗಿಟಾರ್, ಗ್ಲೆನ್ ಕಾರ್ನಿಕ್ ಬೇಸ್, ಕ್ಲೈವ್ ಬಂಕರ್ ಡ್ರಮ್. ಆ ಮುದ್ರಿಕೆಯ ಬಹುಭಾಗ ಇನ್ನೂ ಬ್ಲೂಸ್ ನೆಲದಲ್ಲಿಯೇ ಬೇರೂರಿದೆ. 'ಧರ್ಮ ಫಾರ್ ಒನ್' ಆಂಡರ್ಸನ್ ಮತ್ತು ಬಂಕರ್ ಕೂಡಿ ರಚಿಸಿದ್ದು. ನಾಲ್ಕು ನಿಮಿಷಗಳಿಗೆ ತುಸು ಹೆಚ್ಚಿನ ಕೃತಿ. ಇದರಲ್ಲಿ ಒಂದು ವಿಚಿತ್ರ ವಾದ್ಯ ಕೇಳಿಬರುತ್ತದೆ. ಬಿದಿರಿನ ಕೊಳಲಿಗೆ ಸ್ಯಾಕ್ಸೊಫೋನಿನ ಬಾಯಿ, ಮಕ್ಕಳಾಟದ ತುತ್ತೂರಿಯ ತುದಿ: ಹೀಗೆ ಜೋಡಿಸಿದ ಅದಕ್ಕೆ 'ಕ್ಲಾಗ್‌ಹಾರ್ನ್' ಎಂದು ಕರೆದರು. ಅದರ ದನಿ ಒರಟು, ತುಸು ಕೀರಲು. ಆದರೂ ಧರ್ಮವೆಂಬ ಗಂಭೀರ ಪದದ ಪಕ್ಕದಲ್ಲಿ ಆ ತುತ್ತೂರಿ ನನಗೆ ಅಪಚಾರವಾಗಿ ಕೇಳಿಸುವುದಿಲ್ಲ.

ಪಶ್ಚಿಮದ ಯುವಕರಲ್ಲಿ ಭಾರತದ ಶಬ್ದಗಳು ಫ್ಯಾಷನ್ನಿನಂತೆ ಹರಡಿದ ಕಾಲ ಅದು. ಜ್ಯಾಕ್ ಕೆರುವ್ಯಾಕನ 'ದ ಧರ್ಮ ಬಮ್ಸ್' ಎಂಬ ಕಾದಂಬರಿ 1958ರಲ್ಲಿಯೇ ಬಂದಿತ್ತು. 1968ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡದವರು ಹೃಷೀಕೇಶಕ್ಕೆ ಬಂದರು. ಆದ್ದರಿಂದ ಈ ಹೆಸರನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವುದು ಸುಲಭ. ನಮ್ಮಲ್ಲಿ ಎಷ್ಟೋ ಜನ ಹಾಗೆ ತಳ್ಳಿಹಾಕುವರು ಕೂಡ. ನನಗೆ ಮಾತ್ರ ಹೆಸರಿಟ್ಟವರ ಇಂಗಿತಕ್ಕಿಂತ, ಇಟ್ಟ ಹೆಸರು ಸಂಗೀತದಲ್ಲಿ ಏನು ಕೆಲಸ ಮಾಡುತ್ತದೆಂಬುದು ಮುಖ್ಯ.

ಧರ್ಮವೆಂದರೆ ಧರಿಸುವುದು, ಎತ್ತಿಹಿಡಿಯುವುದು. ಕನ್ನಡದಲ್ಲಿ ಈ ಮಾತಿಗೆ ಎಷ್ಟು ಮುಖಗಳು! ಭಿಕ್ಷುಕ ಬಾಗಿಲಲ್ಲಿ ನಿಂತು 'ಧರ್ಮ ಮಾಡಿ' ಎನ್ನುತ್ತಾನೆ; ಹರಿಯುವುದು ನೀರಿನ ಧರ್ಮ ಎನ್ನುತ್ತೇವೆ; ಮಗನ ಧರ್ಮ ಬೇರೆ, ಒಡೆಯನ ಧರ್ಮ ಬೇರೆ. ಇವೆಲ್ಲಕ್ಕೂ ಇನ್ನೊಬ್ಬರು ಬೇಕು. ನೀಡುವವನಿಗೆ ಬೇಡುವವನು, ಮಗನಿಗೆ ತಂದೆ, ನೀರಿಗೆ ಇಳಿಜಾರು. ಗೀತೆಯ ಸ್ವಧರ್ಮ ಸಹ ಎರಡು ಸೇನೆಗಳ ನಡುವೆ ನಿಂತವನಿಗೆ ಹೇಳಿದ ಮಾತು. ಒಬ್ಬನೇ ಇರುವಲ್ಲಿ ಧರ್ಮಕ್ಕೆ ಏನು ಕೆಲಸ? ಆಂಗ್ಲರು ಅರಿತೋ ಅರಿಯದೆಯೋ ಇಟ್ಟ ಹೆಸರಿನಲ್ಲಿ ಈ ಪ್ರಶ್ನೆ ಅಡಗಿದೆ.

ಡ್ರಮ್ ನುಡಿಸುವವನ ಧರ್ಮ ಯಾವುದು? ಉಳಿದವರನ್ನು ಹಿಡಿದು ನಡೆಸುವುದು. ಗಿಟಾರು ಎತ್ತ ಹಾರಿದರೂ, ಕೊಳಲು ಎಷ್ಟು ಉಸಿರುಗಟ್ಟಿ ಕುಣಿದರೂ, ಅವರ ಕಾಲ ಕೆಳಗಿನ ನೆಲ ಅವನು. ಅಕ್ಷರಶಃ ಧಾರಣೆಯ ಕೆಲಸ. ಈ ರಚನೆಯ ನಡುಭಾಗದಲ್ಲಿ ಎಲ್ಲರೂ ವಾದ್ಯ ಕೆಳಗಿಟ್ಟು ಬಂಕರನೊಬ್ಬನನ್ನು ಬಿಟ್ಟುಬಿಡುತ್ತಾರೆ. ಹೊರಲು ಯಾರೂ ಇಲ್ಲದ ನೆಲವೆನ್ನಿ. ನಮ್ಮ ಕಚೇರಿಗಳ ತನಿ ಆವರ್ತನ ನಿಮಗೆ ನೆನಪಾಗಬಹುದು. ಅಲ್ಲಿ ಮೃದಂಗದವರು ಎಷ್ಟು ದೂರ ಹೋದರೂ ಗಾಯಕರ ಕೈ ತಾಳ ಹಾಕುತ್ತಲೇ ಇರುತ್ತದೆ. ಸಭೆಯ ಅರ್ಧದಷ್ಟು ಕೈಗಳು ತೊಡೆಯ ಮೇಲೆ ಲೆಕ್ಕವಿಡುತ್ತಿರುತ್ತವೆ. ತನಿ ಎಂಬುದು ಹೆಸರಿಗೆ ಮಾತ್ರ ತನಿ. ಬಂಕರನಿಗೆ ಅಂಥ ಕೈಯೊಂದು ಜೊತೆಗಿಲ್ಲ. ಲೆಕ್ಕವೆಲ್ಲ ಅವನೊಳಗೇ ಇರಬೇಕು. ಕೇಳುವವನಿಗೆ ದಿಕ್ಕು ತಪ್ಪಿದಂತಾಗುತ್ತದೆ. ಬಳಿಕ ತಂಡ ಮರಳಿ ಬಂದು ಮೊದಲಿನ ಸ್ವರಗಳನ್ನು ಎತ್ತಿಕೊಂಡಾಗ, ಅವರಿಗೆ ಕಾಲಿಡಲು ನೆಲ ಸಿದ್ಧವಾಗಿಯೇ ಇದೆ. ಯಾರೂ ಕೇಳದಿದ್ದಾಗಲೂ, ಯಾರೂ ಆಧರಿಸಿ ನಿಂತಿರದಿದ್ದಾಗಲೂ ಹಿಡಿದುದನ್ನು ಬಿಡದಿರುವುದು: ಒಬ್ಬನ ಮಟ್ಟಿಗಿನ ಧರ್ಮಕ್ಕೆ ಇದಕ್ಕಿಂತ ನೇರವಾದ ಭಾಷ್ಯವನ್ನು ನಾನು ಕೇಳಿಲ್ಲ.

ಡ್ರಮ್ಮಿನ ಏಕವಾದನವೆಂದರೆ ಬರಿಯ ತೋಳ್ಬಲದ ಪ್ರದರ್ಶನ ಎನ್ನುವ ಆಕ್ಷೇಪವಿದೆ. 1970ರ ದಶಕದಲ್ಲಿ ಅದು ಹಲವು ತಂಡಗಳಲ್ಲಿ ಬೆಳೆದ ಪರಿ ನೋಡಿದರೆ ಆಕ್ಷೇಪ ಸುಳ್ಳಲ್ಲ. ಹತ್ತು ನಿಮಿಷದ ಗದ್ದಲವನ್ನು ಧರ್ಮವೆನ್ನಲು ನನಗೂ ಬಾಯಿ ಬಾರದು. 1968ರ ಈ ವಾದನದ ಗುಣ ಅದರ ಹ್ರಸ್ವತೆಯಲ್ಲಿದೆ.

ಮುಂದೆ ಜೆಥ್ರೊ ಟಲ್ ತಂಡದವರೇ ಇದಕ್ಕೆ ಮಾತು ಜೋಡಿಸಿದರು. 1970ರ ನವೆಂಬರ್ 4ರಂದು ನ್ಯೂಯಾರ್ಕಿನ ಕಾರ್ನೆಗೀ ಹಾಲಿನಲ್ಲಿ ನುಡಿಸಿದ ರೂಪ 1972ರ 'ಲಿವಿಂಗ್ ಇನ್ ದ ಪಾಸ್ಟ್' ಮುದ್ರಿಕೆಯಲ್ಲಿ ದೊರೆಯುತ್ತದೆ. ಅದು ಸುಮಾರು ಹತ್ತು ನಿಮಿಷದ ಕೃತಿ. ಅಷ್ಟರಲ್ಲಿ ಏಬ್ರಹಾಮ್ಸ್ ತಂಡ ಬಿಟ್ಟಿದ್ದ; ಗಿಟಾರು ಮಾರ್ಟಿನ್ ಬ್ಯಾರ್‌ನ ಕೈಯಲ್ಲಿತ್ತು, ಪಿಯಾನೋ ಆರ್ಗನ್ನುಗಳಿಗೆ ಜಾನ್ ಇವಾನ್ ಬಂದಿದ್ದ. ವಾದನ ಹೆಚ್ಚು ಪಳಗಿದೆ, ಹೆಚ್ಚು ಭವ್ಯವಾಗಿದೆ. ಆದರೆ ಧರ್ಮವನ್ನು ಹಾಡುಗಾರ ಬಾಯಿಬಿಟ್ಟು ಹೆಸರಿಸಿದ ಕೂಡಲೇ ಹೆಸರು ಉಪದೇಶವಾಗಿಬಿಡುತ್ತದೆ. ಮೊದಲು ಕೇಳುಗನೇ ಎತ್ತಿಕೊಳ್ಳಬೇಕಾಗಿದ್ದ ಪ್ರಶ್ನೆಗೆ ಉತ್ತರ ಬರೆದುಕೊಟ್ಟಂತಾಗುತ್ತದೆ. ಪುಣ್ಯಕ್ಕೆ ಆ ರೂಪದಲ್ಲಿಯೂ ಒಂದು ಘಟ್ಟದಲ್ಲಿ ಮಾತು ನಿಲ್ಲುತ್ತದೆ, ಕೊಳಲು ಗಿಟಾರುಗಳು ಹಿಂದೆ ಸರಿಯುತ್ತವೆ. ಮರುವರ್ಷ ತಂಡವನ್ನು ಬಿಡಲಿದ್ದ ಬಂಕರ್ ಅಲ್ಲಿ ಮತ್ತೆ ಒಬ್ಬನೇ ನುಡಿಸುತ್ತಾನೆ.