ನೋಬಿಸ್ ದೊರೆಗಳು ಯಾವ ತೋಟದವರು?

(ನಮ್ಮ ದೇವಾಲಯದ ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಮೊದಲೇ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಸ್ಮರಣ ಸಂಚಿಕೆಯ ಸಮಿತಿಯ ತರುಣರು ಯಾರಿಂದಲೋ ನಾನು 'ರೈಟರ್' ಆಗಿದ್ದೆನೆಂದು ಕೇಳಿ, ದೊಡ್ಡ ಸಾಹಿತಿಯೆಂದು ಭಾವಿಸಿ ನನ್ನ ಮನೆಗೆ ಬಂದರು. ನಾನು ಬರೆದದ್ದು ಕಾಫಿ ತೋಟಗಳ ಚೆಕ್‌ರೋಲ್ ಮಾತ್ರ. ಆ ಗ್ರಂಥದ ಓದುಗರು ಶನಿವಾರದ ಬಟವಾಡೆಯ ಹೊತ್ತಿಗೆ ಮಾತ್ರ ಬರುತ್ತಿದ್ದರು; ಬಂದವರೆಲ್ಲರೂ ಕಟುವಿಮರ್ಶಕರೇ ಆಗಿದ್ದರು. ಆದರೂ 'ದಿನನಿತ್ಯದ ಬಾಳಿನಲ್ಲಿ ವಿಶ್ವಾಸ' ಎಂಬ ವಿಷಯ ಕೊಟ್ಟು ಮಾತನಾಡಲೇಬೇಕೆಂದು ಒತ್ತಾಯಿಸಿದ್ದರಿಂದ, ತೋಟದಲ್ಲಿ ಕಂಡದ್ದನ್ನು ಕಂಡಂತೆ ಹೇಳಲು ನಿಂತಿದ್ದೇನೆ.

ನನ್ನ ಬಾಲ್ಯದಲ್ಲಿ ಬಲಿಪೂಜೆಯು ಲತೀನ್ ಭಾಷೆಯಲ್ಲಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ ನಡೆದದ್ದು 1962ರಿಂದ 1965ರವರೆಗೆ. ಅದರ ನಂತರವೇ ನಮ್ಮ ಭಾಷೆಗಳು ಪೀಠವನ್ನೇರಿದವು. ಅಲ್ಲಿಯವರೆಗೆ ಗುರುಗಳು ನಮಗೆ ಬೆನ್ನು ಮಾಡಿ ಅವರ ಪ್ರಾರ್ಥನೆ ಅವರು ಹೇಳುತ್ತಿದ್ದರು, ನಮ್ಮ ಅಜ್ಜಿಯಂದಿರು ಅವರ ಜಪಮಾಲೆಯನ್ನು ಅವರು ಹೇಳುತ್ತಿದ್ದರು. ಎರಡೂ ಒಂದೇ ವಿಳಾಸಕ್ಕೆ ತಲಪುತ್ತಿದ್ದುದರಿಂದ ಯಾರೂ ಚಿಂತಿಸುತ್ತಿರಲಿಲ್ಲ. ಸಂತರ ಪ್ರಾರ್ಥನಾಮಾಲೆಯನ್ನು ಹೇಳುವಾಗ ಒಬ್ಬೊಬ್ಬ ಸಂತರ ಹೆಸರಿಗೂ ನಾವೆಲ್ಲರೂ 'ಓರಾ ಪ್ರೋ ನೋಬಿಸ್' ಎಂದು ಕೂಗುತ್ತಿದ್ದೆವು. ಆ ಕಾಲದಲ್ಲಿ ತೋಟಗಳ ಯಜಮಾನರಿಗೆಲ್ಲ ದೊರೆಗಳೆಂದೇ ಹೆಸರು. ಬಿಳಿಯ ದೊರೆಗಳ ಪೈಕಿ ಕೆಲವರು ಇನ್ನೂ ಇದ್ದರು. ಇಷ್ಟೊಂದು ಸಂತರನ್ನು ಒಂದೇ ಉಸಿರಿನಲ್ಲಿ ಕರೆದು ಬೇಡಿಕೊಳ್ಳಬೇಕಾದರೆ ಈ ನೋಬಿಸ್ ಎಂಬವರು ಬಹು ದೊಡ್ಡ ದೊರೆಗಳೇ ಇರಬೇಕು, ಅವರಿಗೆ ಏನೋ ದೊಡ್ಡ ಕಾಯಿಲೆಯೂ ಇರಬೇಕು ಎಂದು ನಾನು ತೀರ್ಮಾನಿಸಿದ್ದೆ. ಒಂದು ದಿನ ಮನೆಗೆ ನಡೆದು ಬರುವಾಗ ಅಪ್ಪನನ್ನು ಕೇಳಿಯೇ ಬಿಟ್ಟೆ: "ಅಪ್ಪಾ, ನೋಬಿಸ್ ದೊರೆಗಳು ಯಾವ ತೋಟದವರು?"

ಅಪ್ಪ ನಗಲಿಲ್ಲ. ನಾಲ್ಕು ಹೆಜ್ಜೆ ನಡೆದು, "ನಮ್ಮ ಲೈನಿನವರೇ ಮಗಾ. ನೋಬಿಸ್ ಅಂದರೆ ನಾವು," ಎಂದು ಕೊಂಕಣಿಯಲ್ಲಿ ಹೇಳಿದರು. ಅವರಿಗೂ ಲತೀನ್ ಬರುತ್ತಿರಲಿಲ್ಲ. ಯಾವುದೋ ಗುರುಗಳಿಂದ ಕೇಳಿ ತಿಳಿದಿದ್ದರು. ನನಗೆ ಅಂದು ನಿರಾಶೆಯಾಯಿತು. ಹಂಚು ಸೋರುವ ಲೈನಿನಲ್ಲಿರುವ ನಮಗಾಗಿ ಸ್ವರ್ಗದ ಸಂತರೆಲ್ಲರೂ ಸಾಲಾಗಿ ನಿಲ್ಲುವುದು ಅತಿಯಾಯಿತೆಂದು ಕಂಡಿತು.

ಆ ಲೈನಿನ ಜಪಮಾಲೆಯನ್ನು ನೆನೆಯದೆ ಮುಂದೆ ಹೋಗಲಾರೆ. ಮಳೆಗಾಲದ ರಾತ್ರಿ ಸೆಗಣಿ ಸಾರಿಸಿದ ನೆಲದ ಮೇಲೆ ಮೊಣಕಾಲೂರಿ ಕೂತರೆ, ಹಗಲು ತೋಟದಿಂದ ನಮ್ಮ ಜೊತೆಗೇ ಬಂದ ಇಂಬಳಗಳೂ ಪ್ರಾರ್ಥನೆಗೆ ಸೇರುತ್ತಿದ್ದವು. ನಾವು ಮಕ್ಕಳು ಕಾಲು ಕೊಡವಿದರೆ ಅಜ್ಜಿ ಕಣ್ಣು ತೆರೆಯದೆಯೇ, "ಆ ನೋವನ್ನು ಶುದ್ಧೀಕರಣ ಸ್ಥಳದ ಆತ್ಮಗಳಿಗೆ ಒಪ್ಪಿಸಿರಿ," ಎನ್ನುತ್ತಿದ್ದರು. ಹೀಗೆ ಎಷ್ಟೋ ಆತ್ಮಗಳು ನಮ್ಮ ಕಾಲಿನ ರಕ್ತದಿಂದ ಬಿಡುಗಡೆ ಹೊಂದಿರಬೇಕು. ಒಂದು ರಾತ್ರಿ ನಾಲ್ಕನೆಯ ರಹಸ್ಯದ ನಡುವೆ ಒಂದು ಇಂಬಳ ಅಜ್ಜಿಯ ಕತ್ತಿಗೇ ಏರಿತು. ಅಂದಿನ ಐದನೆಯ ರಹಸ್ಯವು ಎಷ್ಟು ಬೇಗನೆ ಮುಗಿಯಿತೆಂದರೆ, ಆ ರಾತ್ರಿ ಆತ್ಮಗಳ ಪಾಲಿಗೆ ಏನು ಉಳಿಯಿತೋ ನಾನರಿಯೆ.

ಮಳೆಯ ವಿಷಯ ಬಂದಿತು. ಕಾಫಿ ಸೀಮೆಯಲ್ಲಿ ಪ್ರಾರ್ಥನೆಯೆಂದರೆ ಬಹುಮಟ್ಟಿಗೆ ಮಳೆಯ ಲೆಕ್ಕಾಚಾರವೇ. ಫೆಬ್ರವರಿ, ಮಾರ್ಚಿಯಲ್ಲಿ ಹೂಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ರೊಬಸ್ಟಾ ಗಿಡಗಳು ಮಲ್ಲಿಗೆಯಂತೆ ಅರಳುತ್ತವೆ. ಆಮೇಲೆ ಕೆಲವು ವಾರಗಳಲ್ಲಿ ಇನ್ನೊಂದು ಬ್ಯಾಕಿಂಗ್ ಮಳೆ ಬಾರದಿದ್ದರೆ ಕಟ್ಟಿದ ಕಾಯಿ ನಿಲ್ಲುವುದಿಲ್ಲ. ಆದರೆ ಅದೇ ಫೆಬ್ರವರಿಯಲ್ಲಿ ಕೊಯ್ಲು ತಡವಾದವನ ಕಣದ ತುಂಬ ಹಣ್ಣು ಹರಡಿರುತ್ತದೆ; ಅವನಿಗೆ ಒಂದು ಹನಿಯೂ ಬೇಡ. ನನಗೆ ಗೊತ್ತಿದ್ದ ಇಬ್ಬರು ನೆರೆಯ ಬೆಳೆಗಾರರು, ಇಬ್ಬರೂ ನಮ್ಮವರೇ, ಒಂದೇ ಭಾನುವಾರ ಪೂಜೆ ಬರೆಸಲು ಬಂದರು. ಒಬ್ಬರು ಮಳೆ ಬರಲೆಂದು, ಇನ್ನೊಬ್ಬರು ಬಾರದಿರಲೆಂದು. ಗುರುಗಳು ಎರಡು ಕಾಣಿಕೆಯನ್ನೂ ತೆಗೆದುಕೊಂಡು, "ನಾನು ಅರ್ಜಿಯನ್ನು ಮೇಲಕ್ಕೆ ಕಳುಹಿಸುವವನು ಮಾತ್ರ, ತೀರ್ಪು ಬರೆಯುವ ಅಧಿಕಾರ ನನಗಿಲ್ಲ," ಎಂದರು. ಆ ವಾರ ಮೋಡ ಕವಿದು, ಗುಡುಗಿ, ನಾಲ್ಕು ಹನಿ ಬಿದ್ದು ಹೋಯಿತು. ಹೂ ಅರಳಲಿಲ್ಲ, ಕಣವೂ ಒಣಗಲಿಲ್ಲ. ಇಬ್ಬರೂ ಗುರುಗಳ ಮೇಲೆ ಸಿಟ್ಟಾದರು. ಒಬ್ಬರ ಮೇಲೊಬ್ಬರು ಇಟ್ಟಿದ್ದ ಸಿಟ್ಟು ಮಾತ್ರ ಅಂದಿಗೆ ಮುಗಿಯಿತು. ಈಗ ಸ್ಪ್ರಿಂಕ್ಲರ್ ಇರುವವರು ಫೆಬ್ರವರಿ ತಿಂಗಳಲ್ಲಿ ಮೊದಲಿನಷ್ಟು ಭಕ್ತರಾಗಿ ಉಳಿದಿಲ್ಲವೆಂದು ಕಾಣಿಕೆ ತಟ್ಟೆ ಹಿಡಿಯುವವರು ಹೇಳುತ್ತಾರೆ.

ತಂದೆಯಾದ ದೇವರು ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುತ್ತಾರೆಂದು ಪ್ರಭು ಬೆಟ್ಟದ ಮೇಲೆ ಬೋಧಿಸಿದರು. ಇದನ್ನು ಕೇಳಿ ನಗುವುದು ಸುಲಭ. 2019ರ ಆಗಸ್ಟ್ ತಿಂಗಳಿನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜರಿದು ಮನೆ, ತೋಟ, ಗದ್ದೆಗಳ ಮೇಲೆ ಬಿದ್ದಾಗ, ಚಾರ್ಮಾಡಿ ಘಾಟಿಯ ರಸ್ತೆಯೇ ಮುಚ್ಚಿಹೋದಾಗ, ಆ ಬೋಧನೆಯನ್ನು ನಗದೆ ಓದಬೇಕಾಯಿತು. ಅದರ ಅರ್ಥ ನನಗೆ ಪೂರ್ತಿಯಾಗಿ ತಿಳಿದಿದೆಯೆಂದು ಹೇಳಲಾರೆ. ಅಂದು ಮನೆ ಕಳೆದುಕೊಂಡವರಿಗೆ ಅಕ್ಕಿ, ಕಂಬಳಿ ಹೊತ್ತುಕೊಂಡು ಬಂದವರಲ್ಲಿ ಯಾರು ಯಾವ ಧರ್ಮದವರೆಂದು ಯಾರೂ ಬರೆದುಕೊಳ್ಳಲಿಲ್ಲ. ಚೆಕ್‌ರೋಲ್ ಬರೆಯುವ ಚಟವಿದ್ದ ನಾನೂ ಬರೆದುಕೊಳ್ಳಲಿಲ್ಲ.

ನಾವು ಇಲ್ಲಿಗೆ ಬಂದ ಬಗೆಯನ್ನು ಸ್ವಲ್ಪ ನೆನೆಯೋಣ. ಕಾಫಿಯೇ ಹೊರಗಿನದು; ಬಾಬಾ ಬುಡನ್ ಅವರು ಯೆಮೆನ್ ದೇಶದ ಮೋಕಾದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಪ್ರತೀತಿ. ನಮ್ಮ ಹಿರಿಯರಲ್ಲಿ ಬಹುಮಂದಿ ಅನಂತರ ಬಂದವರು. ದಕ್ಷಿಣ ಕನ್ನಡದಿಂದ ತಲೆಯ ಮೇಲೆ ಮಡಕೆ, ಕತ್ತಿನಲ್ಲಿ ಜಪಮಾಲೆ ಹಾಕಿಕೊಂಡು ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರದಲ್ಲಿ ಉಸಿರು ಬಿಟ್ಟು, ಚಳಿಗೆ ನಡುಗುತ್ತ ತೋಟಗಳಿಗೆ ಹಂಚಿಹೋದರು. ಕೆಲವರು ಕೂಲಿ, ಕೆಲವರು ಬಡಗಿ, ಗಾರೆ ಕೆಲಸದವರು, ಒಬ್ಬಿಬ್ಬರು ರೈಟರು. ಊರಿನವರು ಗಂಡಸರನ್ನು ಪೊರ್ಬುಗಳೆಂದೂ ಹೆಂಗಸರನ್ನು ಬಾಯಮ್ಮನೆಂದೂ ಕರೆದರು. ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘದ ಗುರುಗಳು ಅಂದಿನ ಮೈಸೂರು ಧರ್ಮಪ್ರಾಂತ್ಯದಿಂದ ನಮ್ಮ ಆತ್ಮಗಳ ಆರೈಕೆ ನೋಡಿದರು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವಾಯಿತು. ಪೂಜ್ಯ ಅಲ್ಫೋನ್ಸಸ್ ಮಥಾಯಸ್ ಅವರು ಅದರ ಪ್ರಥಮ ಧರ್ಮಾಧ್ಯಕ್ಷರಾದರು. ಕಳಸದ ಕಡೆ ಭದ್ರೆ ತುಂಬಿ ಹೆಬ್ಬಾಳೆಯ ಹಳೆಯ ಸೇತುವೆ ಮುಳುಗಿದರೆ, ನೀರಿಳಿಯುವವರೆಗೆ ಪೂಜೆಗೆ ಹೊರಟವರೂ ಮದುವೆಗೆ ಹೊರಟವರೂ ದಡದಲ್ಲಿ ಒಟ್ಟಿಗೇ ಕಾಯುತ್ತಿದ್ದರು.

ಈಗ ಶುಭಸಂದೇಶದ ಒಂದು ಸಾಮತಿ. ದ್ರಾಕ್ಷಿತೋಟದ ಯಜಮಾನನು ಬೆಳಗಿನಿಂದ ಸಂಜೆಯವರೆಗೆ ಐದು ಬಾರಿ ಪೇಟೆಗೆ ಹೋಗಿ ಆಳುಗಳನ್ನು ಕರೆತಂದು, ಕೊನೆಗೆ ಎಲ್ಲರಿಗೂ ಒಂದೇ ಕೂಲಿ ಕೊಟ್ಟ ಕಥೆ. ಅದನ್ನು ಕೇಳುವಾಗಲೆಲ್ಲ ರೈಟರಾದ ನನಗೆ ಮೈ ಉರಿಯುತ್ತಿತ್ತು. ಹೀಗಾದರೆ ಚೆಕ್‌ರೋಲ್ ಕೂಡಿಸುವುದು ಹೇಗೆ? ಮರುದಿನ ಬೆಳಿಗ್ಗೆ ಆರು ಗಂಟೆಗೆ ಯಾರು ಬರುತ್ತಾರೆ? ಅಪ್ಪನಲ್ಲಿ ಹೇಳಿಕೊಂಡೆ. ಅವರು, "ನೀನು ಕೂಲಿಯನ್ನು ನೋಡಿದೆ, ನಾನು ದೊರೆಯನ್ನು ನೋಡಿದೆ. ಐದು ಸಲ ತಾನೇ ನಡೆದುಹೋಗಿ ಕೆಲಸವಿಲ್ಲದೆ ನಿಂತವರನ್ನು ಮಾತನಾಡಿಸಿದ ದೊರೆ ಅವನು. ನಮ್ಮ ದೊರೆ ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಲೈನಿನ ಕಡೆ ಬಂದಿದ್ದಾರೆಯೇ?" ಎಂದರು.

ಈ ಮಾತನ್ನು ನಾನು ಆಗ ಗಂಭೀರವಾಗಿ ಎಣಿಸಲಿಲ್ಲ. ಎಣಿಸಿದ್ದರೆ ಮುಂದೆ ಹೇಳುವ ಪಾಪವನ್ನು ಮಾಡುತ್ತಿರಲಿಲ್ಲ.

1973ರ ಸುಗ್ಗಿ. ನಾನು ಹೊಸ ರೈಟರು. ಹೆಸರು ಹೇಳದ ಒಂದು ತೋಟ. ಸಂಜೆ ಹಣ್ಣು ತೂಗುವುದು ನನ್ನ ಕೆಲಸ. ಚೀಲದ ತೂಕ, ಇಬ್ಬನಿಯ ತೇವ, ಎಲೆ, ಹಸಿರು ಕಾಯಿ ಎಂದು ಪ್ರತಿಯೊಬ್ಬರ ಲೆಕ್ಕದಲ್ಲಿ ದಿನಕ್ಕೆ ಎರಡು ಕಿಲೋ ಮುರಿದುಕೊಳ್ಳುತ್ತಿದ್ದೆ. ಯಜಮಾನರು ಹಾಗೆ ಮಾಡೆಂದು ಹೇಳಿರಲಿಲ್ಲ. ನನ್ನ ಜೇಬಿಗೂ ಒಂದು ಪೈಸೆ ಬರುತ್ತಿರಲಿಲ್ಲ. ಪಲ್ಪರ್ ಮನೆಯ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಎಂದೂ ಕೊರತೆ ಬಾರದೆ, ನಾನು ಜಾಣ ರೈಟರೆನಿಸಿಕೊಳ್ಳಬೇಕೆಂಬ ಒಂದೇ ಆಸೆ. ಲಾಭವಿಲ್ಲದೆ ಕಳ್ಳನಾಗುವುದು ಹೀಗೆ.

ಕೊಯ್ಯುವವರಲ್ಲಿ ಒಬ್ಬರು ವಯಸ್ಸಾದ ಬಾಯಮ್ಮನಿದ್ದರು. ಘಟ್ಟದ ಕೆಳಗಿನವರು, ವಿಧವೆ. ಸುಗ್ಗಿಗೆ ಬಂದು ಮಳೆಗೆ ಮುಂಚೆ ಇಳಿದುಹೋಗುವವರು. ಒಂದು ಸೋಮವಾರ ಸಂಜೆ ತಮ್ಮ ಚೀಲವನ್ನು ತಕ್ಕಡಿಗೆ ಏರಿಸುತ್ತ ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ರೈಟರೇ, ನಿನ್ನೆ ಪೂಜೆಯಲ್ಲಿ ಗುರುಗಳು ಸಂತ ಲೂಕರ ಅಳತೆಯ ಮಾತು ಹೇಳಿದರು. ಅದುಮಿ, ಅಲ್ಲಾಡಿಸಿ, ಹೊರಚೆಲ್ಲುವಷ್ಟು ಅಳೆದು ಕೊಡಬೇಕಂತೆ. ಅದುಮುವುದನ್ನೂ ಅಲ್ಲಾಡಿಸುವುದನ್ನೂ ನೀವು ಚೆನ್ನಾಗಿ ಕಲಿತಿದ್ದೀರಿ. ಹೊರಚೆಲ್ಲುವ ಪಾಠವನ್ನು ಬರುವ ವರ್ಷಕ್ಕೆ ಇಟ್ಟುಕೊಂಡಿದ್ದೀರೋ?"

ಕಣವೆಲ್ಲ ನಕ್ಕಿತು. ಮೇಸ್ತ್ರಿಯೂ ನಕ್ಕರು. ನಾನೂ ನಕ್ಕೆ, ಬೇರೇನು ಮಾಡಲಿ? ಆ ರಾತ್ರಿ ನಿದ್ದೆ ಬರಲಿಲ್ಲ. ಗದರಿಸಿದ್ದರೆ ನಾನೂ ಗದರಿಸುತ್ತಿದ್ದೆ. ಆ ನಗುವಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋದೆ. ಗುರುಗಳು ಸಾವಧಾನವಾಗಿ ಕೇಳಿ, "ಕ್ಷಮೆ ಕೊಡುವುದಕ್ಕೆ ನನಗೆ ಒಂದು ನಿಮಿಷ ಸಾಕು. ನಿನ್ನ ಪುಸ್ತಕ ಸರಿಮಾಡುವುದಕ್ಕೆ ನಿನಗೆ ಎಷ್ಟು ದಿನ ಬೇಕು?" ಎಂದರು. ನಾಲ್ಕು ರಾತ್ರಿ ಚೆಕ್‌ರೋಲ್ ಹರಡಿಕೊಂಡು ಕುಳಿತೆ. ಯಜಮಾನರಲ್ಲಿಯೂ ಹೇಳಿಕೊಂಡೆ, ಅವರು ಬಹಳ ಹೊತ್ತು ನನ್ನನ್ನು ನೋಡಿ, ಅರ್ಧವನ್ನು ತೋಟದ ಲೆಕ್ಕದಿಂದಲೂ ಉಳಿದರ್ಧವನ್ನು ನನ್ನ ಸಂಬಳದಿಂದಲೂ ಕೊಡುವುದಾಗಿ ಒಪ್ಪಿದರು. ಹಾಗೆ ಎಲ್ಲರಿಗೂ ಹಣ ಹಿಂದಿರುಗಿತು. ಆದರೆ ಆ ಬಾಯಮ್ಮ ಅಷ್ಟರಲ್ಲಿ ಘಟ್ಟವಿಳಿದಿದ್ದರು. ಅವರ ಲೆಕ್ಕ 62 ದಿನ, ದಿನಕ್ಕೆ ಎರಡು ಕಿಲೋ, ಕಿಲೋಗೆ ಹತ್ತು ಪೈಸೆ. ಒಟ್ಟು 12 ರೂಪಾಯಿ 40 ಪೈಸೆ. ಮರುವರ್ಷದ ಸುಗ್ಗಿಗೆ ಅವರು ಬರಲಿಲ್ಲ. ಆ ಕಡೆಯವರನ್ನು ಕೇಳಿದೆ, ತಿಳಿಯಲಿಲ್ಲ. ಅಂದಿನಿಂದ ಪ್ರತಿವರ್ಷ ಸಕಲ ಮೃತರ ದಿನದಂದು ಅವರ ಆತ್ಮಕ್ಕಾಗಿ, ಅಥವಾ ಬದುಕಿದ್ದರೆ ಅವರ ದೇಹಕ್ಕಾಗಿ, ಆ ಹಣವನ್ನು ಡಬ್ಬಿಗೆ ಹಾಕುತ್ತಿದ್ದೇನೆ. ಚಿಲ್ಲರೆ ಪೈಸೆಗಳು ಕಾಣೆಯಾದ ಮೇಲೆ 13 ರೂಪಾಯಿ ಹಾಕಬೇಕಾಗಿದೆ. ಆ ಅರವತ್ತು ಪೈಸೆಯೇ ನಾನು ಈವರೆಗೆ ಕಲಿತಿರುವ ಹೊರಚೆಲ್ಲುವ ಪಾಠ.

ಈಗ ನಾನು ಹೇಳಬೇಕೆಂದು ಬಂದ ಮಾತು. ಇಂದು ನಮ್ಮ ತೋಟಗಳಲ್ಲಿ ಘಟ್ಟದ ಕೆಳಗಿನವರು ವಿರಳ. ನಮ್ಮ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಕೊಲ್ಲಿ ದೇಶಗಳಲ್ಲಿದ್ದಾರೆ. ಹಣ್ಣು ಕೊಯ್ಯುತ್ತಿರುವವರು ಅಸ್ಸಾಮಿನವರು, ಝಾರ್ಖಂಡಿನವರು, ಒಡಿಶಾದವರು. ಅವರಲ್ಲಿ ನಮ್ಮ ವಿಶ್ವಾಸದವರೂ ಇದ್ದಾರೆ. ಛೋಟಾನಾಗಪುರದ ಆದಿವಾಸಿಗಳಲ್ಲಿ ನೂರು ವರ್ಷಗಳಿಗಿಂತ ಹಿಂದಿನಿಂದಲೇ ಧರ್ಮಸಭೆ ಬೇರೂರಿದೆ. ಕಳೆದ ಕ್ರಿಸ್ತಜಯಂತಿಯ ರಾತ್ರಿ ಹತ್ತು ಹದಿನೈದು ಮಂದಿ ತರುಣ ತರುಣಿಯರು ನಮ್ಮ ದೇವಾಲಯದ ಹಿಂಬದಿಯ ಬಾಗಿಲ ಬಳಿ, ಪಾದರಕ್ಷೆ ಬಿಡುವ ಜಾಗದಲ್ಲಿ ನಿಂತಿದ್ದರು. ಬೆಂಚಿನಲ್ಲಿ ಜಾಗವಿತ್ತು. ಕನ್ನಡವೂ ಕೊಂಕಣಿಯೂ ಅವರಿಗೆ ಬಾರದು. ನಮಗೆ ಹಿಂದೆ ಲತೀನ್ ಬಾರದಿದ್ದಂತೆ. ಪಕ್ಕದಲ್ಲಿದ್ದ ಒಬ್ಬರನ್ನು, "ಅವರು ಯಾರು?" ಎಂದು ಕೇಳಿದೆ. "ಯಾರೂ ಅಲ್ಲ, ತೋಟದ ಕೆಲಸದವರು," ಎಂದು ಉತ್ತರ ಬಂತು.

ಆ ಉತ್ತರ ಕೊಟ್ಟವರ ಅಜ್ಜ ಮತ್ತು ನನ್ನ ಅಜ್ಜ ಒಂದೇ ಲೈನಿನಲ್ಲಿದ್ದರು. ನಾನು ಅವರಿಗೆ ಏನೂ ಹೇಳಲಿಲ್ಲ, ಹೇಳಬೇಕಾಗಿತ್ತು. ಪೂಜೆ ಮುಗಿದ ಮೇಲೆ ಹಿಂದಕ್ಕೆ ಹೋಗಿ ನನ್ನ ಮುರುಕು ಹಿಂದಿಯಲ್ಲಿ ಆ ಮಕ್ಕಳನ್ನು ಮಾತನಾಡಿಸಿದೆ. ಒಬ್ಬ ಹುಡುಗಿ ತಮ್ಮೂರಿನಲ್ಲಿ ಈ ರಾತ್ರಿ ಮಾಂದರ ಬಾರಿಸುತ್ತ ಬೆಳಗಾಗುವವರೆಗೆ ಕುಣಿಯುತ್ತೇವೆಂದಳು. "ಇಲ್ಲಿ ಜನ ಬಹಳ ಮೌನವಾಗಿದ್ದಾರೆ, ಯಾರಾದರೂ ತೀರಿಕೊಂಡಿದ್ದಾರೆಯೇ?" ಎಂದು ಮೆಲ್ಲನೆ ಕೇಳಿದಳು. ನಮ್ಮ ಗಾಯನ ಮಂಡಳಿಯವರು ಕ್ಷಮಿಸಬೇಕು, ಇದು ಅವಳ ಮಾತು.

ಅವರೆಲ್ಲರೂ ಇಂದು ಬಂದಿದ್ದಾರೆ. ಈಗಲೂ ಅದೇ ಬಾಗಿಲ ಬಳಿ ನಿಂತಿದ್ದಾರೆ. ತಿರುಗಿ ನೋಡಿದರೆ ನಿಮಗೂ ಕಾಣುತ್ತಾರೆ. ನೋಬಿಸ್ ದೊರೆಗಳು ಯಾವ ತೋಟದವರೆಂಬ ನನ್ನ ಹಳೆಯ ಪ್ರಶ್ನೆಗೆ ಅಪ್ಪ ಕೊಟ್ಟ ಉತ್ತರವನ್ನು ಅವರಿಗೆ ಹಿಂದಿಯಲ್ಲಿ ಹೇಳುವಷ್ಟು ಭಾಷೆ ನನ್ನಲ್ಲಿಲ್ಲ. ಆದ್ದರಿಂದ ಗುರುಗಳಲ್ಲಿ ಒಂದು ಸಣ್ಣ ಕೋರಿಕೆ ಸಲ್ಲಿಸಿದ್ದೆ, ಅವರು ಒಪ್ಪಿದ್ದಾರೆ. ಹೊರಗೆ ಸನ್ನ, ಹಂದಿಮಾಂಸದ ಊಟ ಸಿದ್ಧವಾಗಿದೆ. ಇಂದಿನ ಪಂಕ್ತಿ ಹಿಂಬದಿಯ ಬಾಗಿಲಿನಿಂದ ಆರಂಭವಾಗುತ್ತದೆ. ಮುಂದಿನ ಬೆಂಚಿನ ಹಿರಿಯರು ಸ್ವಲ್ಪ ಕಾಯಬೇಕು. ಸನ್ನ ಆರಬಹುದು, ಆದರೆ ಎಲ್ಲರಿಗೂ ಸಾಕಷ್ಟಿದೆಯೆಂದು ಅಡುಗೆಯವರಲ್ಲಿ ನಾನೇ ಲೆಕ್ಕ ತೆಗೆದುಕೊಂಡಿದ್ದೇನೆ. ಈ ಸಲ ಏನನ್ನೂ ಮುರಿದುಕೊಂಡಿಲ್ಲ.