ಗಡಸು ನೀರು ಮತ್ತು ಅಯಾನು ವಿನಿಮಯ ರಾಳ

(ಮೈಸೂರಿನ ನಜರ್‌ಬಾದಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ನಜರ್‌ಬಾದ್ ಸೇರಿದಂತೆ ಮೈಸೂರು ನಗರಕ್ಕೆ ಕಾವೇರಿ, ಕಬಿನಿ ನದಿಗಳ ನೀರಿನ ಆಸರೆಯಿದೆ. ಕೊಳವೆಬಾವಿಯನ್ನೇ ನಂಬಿದ ಅನೇಕ ಊರುಗಳ ಸ್ಥಿತಿ ಬೇರೆ. ಅಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆಗಟ್ಟುವುದಿಲ್ಲ, ಹಂಡೆಯ ಒಳಮೈಗೆ ಸುಣ್ಣದ ಪದರ ಕೂರುತ್ತದೆ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇದಕ್ಕೆ ಕಾರಣ. ಭಾರತೀಯ ಮಾನಕ 10500ರಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವಿಲ್ಲದಿದ್ದರೆ 600ರವರೆಗೆ ಅವಕಾಶವಿದೆ.

ಇದಕ್ಕೆ ಪರಿಹಾರವೆಂದು ಸಾಫ್ಟನರ್ ಯಂತ್ರದ ದರಪಟ್ಟಿ ಸಭೆಯ ಮುಂದೆ ಬರುವುದುಂಟು. ಅದರ ತೊಟ್ಟಿಯಲ್ಲಿರುವುದು ರಾಗಿ ಕಾಳಿಗಿಂತ ಸಣ್ಣದಾದ ಪ್ಲಾಸ್ಟಿಕ್ ಮಣಿಗಳು. ಇವೇ ಅಯಾನು ವಿನಿಮಯ ರಾಳ. ಮಣಿಯ ಒಳಗೂ ಹೊರಗೂ ಋಣ ವಿದ್ಯುದಂಶದ ತಾಣಗಳಿದ್ದು, ಒಂದೊಂದರಲ್ಲೂ ಒಂದು ಸೋಡಿಯಂ ಅಯಾನು ಕುಳಿತಿರುತ್ತದೆ. ಗಡಸು ನೀರು ಹರಿದಾಗ ಒಂದು ಕ್ಯಾಲ್ಸಿಯಂ ಎರಡು ಸೋಡಿಯಂಗಳನ್ನು ಎಬ್ಬಿಸಿ ಆ ಜಾಗ ಹಿಡಿಯುತ್ತದೆ. ಇದು ಸೋಸುವ ಕೆಲಸವಲ್ಲ, ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಜಾಗವೆಲ್ಲ ತುಂಬಿದ ಮೇಲೆ ಗಾಢವಾದ ಉಪ್ಪುನೀರು ಹಾಯಿಸಿದರೆ ಕ್ಯಾಲ್ಸಿಯಂ ಹೊರಬಿದ್ದು ರಾಳ ಮತ್ತೆ ಸಿದ್ಧವಾಗುತ್ತದೆ.

ರೈತರಿಗೆ ಈ ತತ್ತ್ವ ಅಪರಿಚಿತವೇನಲ್ಲ. ಎರೆಮಣ್ಣು ಗೊಬ್ಬರದ ಅಮೋನಿಯಂ ಅನ್ನು ಹಿಡಿದಿಡುವುದು, ಚೌಳು ಭೂಮಿಗೆ ಹಾಕಿದ ಜಿಪ್ಸಂ ಸೋಡಿಯಂ ಅನ್ನು ಹೊರದಬ್ಬುವುದು ಇದೇ ವಿನಿಮಯದಿಂದ. 1850ರ ಸುಮಾರಿಗೆ ಇಂಗ್ಲೆಂಡಿನ ಥಾಮ್ಸನ್ ಮತ್ತು ವೇ ಇದನ್ನು ಗುರುತಿಸಿದ್ದೂ ಹೊಲದ ಮಣ್ಣಿನಲ್ಲಿಯೇ. ಕೃತಕ ರಾಳ ಬಂದದ್ದು 1935ರಲ್ಲಿ, ಆಡಮ್ಸ್ ಮತ್ತು ಹೋಮ್ಸ್ ಅವರಿಂದ. ಇಂದು ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳ ಬಾಯ್ಲರ್ ನೀರು, ಆಸ್ಪತ್ರೆಗಳ ಡಯಾಲಿಸಿಸ್ ಘಟಕದ ನೀರಿನ ಸಿದ್ಧತೆ, ಬ್ಯಾಟರಿಗೆ ಹಾಕುವ ನೀರು, ಎಲ್ಲೆಡೆ ಇದರ ಬಳಕೆಯಿದೆ.

ಆದರೆ ಸಾಫ್ಟನರ್ ಶುದ್ಧೀಕರಣ ಘಟಕವಲ್ಲ. ಅದರಿಂದ ರೋಗಾಣು ಸಾಯುವುದಿಲ್ಲ. ಫ್ಲೋರೈಡ್ ಮತ್ತು ನೈಟ್ರೇಟ್ ಋಣ ಅಯಾನುಗಳಾದ್ದರಿಂದ ಅವು ಈ ರಾಳವನ್ನು ದಾಟಿ ಹಾಗೆಯೇ ಬರುತ್ತವೆ. ನೈಟ್ರೇಟ್ ತೆಗೆಯಲು ಬೇರೆ ಬಗೆಯ ರಾಳವುಂಟು. ಫ್ಲೋರೈಡಿಗೆ ಸಾಮಾನ್ಯ ರಾಳ ಒದಗದು, ಸಕ್ರಿಯ ಅಲ್ಯುಮಿನಾ ಅಥವಾ ಆರ್‌ಓ ಬೇಕು. ಮೆದುವಾದ ನೀರು ಕುಡಿದು, ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡನ್ನು ಮರೆತ ಊರಿಗೆ ಯಂತ್ರದಿಂದ ಹಾನಿಯೇ ಹೆಚ್ಚು. ಆದುದರಿಂದ ಠರಾವಿಗೆ ಮೊದಲು ನೀರಿನ ಪರೀಕ್ಷಾ ವರದಿ ಸಭೆಯ ಮುಂದಿರಬೇಕು. ಜಲ ಜೀವನ್ ಮಿಷನ್ನಿನ ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ಪ್ರಾಥಮಿಕ ಪರೀಕ್ಷೆ ಊರಿನಲ್ಲೇ ಸಾಧ್ಯ. ಖಚಿತ ಅಂಕಿಗೆ ಪ್ರಯೋಗಾಲಯ ಬೇಕು.

ಸೋಡಿಯಂ ಲೆಕ್ಕವನ್ನೂ ನೋಡಬೇಕು. ಲೀಟರಿಗೆ 500 ಮಿಲಿಗ್ರಾಂ ಗಡಸುತನವನ್ನು ಪೂರ್ತಿ ಕಳೆದರೆ ಸುಮಾರು 230 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುತ್ತದೆ. ರಕ್ತದೊತ್ತಡ ಇರುವವರಿಗೆ ಇದು ಸಣ್ಣ ಸಂಗತಿಯಲ್ಲ. ಶಾಲೆಯ ಕೈತೋಟಕ್ಕೂ ಈ ನೀರು ಹಿತವಲ್ಲ, ಮಣ್ಣು ಬಿಗಿಯುತ್ತದೆ. ರಾಳ ತೊಳೆದ ಉಪ್ಪುನೀರನ್ನು ಚರಂಡಿಯ ಮೂಲಕ ಕೆರೆಗೆ ಬಿಟ್ಟರೆ ಅದೇ ಉಪ್ಪು ಅಂತರ್ಜಲದ ದಾರಿಯಲ್ಲಿ ಊರಿನ ಕೊಳವೆಬಾವಿಗೆ ಮರಳಬಹುದು. ಅದನ್ನು ಇಂಗದಂತೆ ಗಾರೆ ಹಾಕಿದ ತೊಟ್ಟಿಯಲ್ಲಿ ಆರಿಸುವ ವೆಚ್ಚವೂ ಯಂತ್ರದ ಅಂದಾಜು ಪಟ್ಟಿಯಲ್ಲಿಯೇ ಸೇರಿರಬೇಕು.