ಏಳು ಜನರ ಆಟ, ಒಬ್ಬನ ಉಸಿರು



ಅಮೆರಿಕದಲ್ಲಿ ವರ್ಷಕ್ಕೊಮ್ಮೆ ಫೆಬ್ರವರಿಯ ಒಂದು ಭಾನುವಾರ ಸಂಜೆ ನಡೆಯುವ ‘ಸೂಪರ್ ಬೌಲ್’ ಪಂದ್ಯ ಬೆಂಗಳೂರಿನ ಟಿ.ವಿ. ಪರದೆಗಳಲ್ಲಿ ಮೂಡುವುದು ಸೋಮವಾರ ನಸುಕಿನಲ್ಲಿ. ಬಿಟಿಎಂ ಬಡಾವಣೆ, ಜೆ.ಪಿ. ನಗರಗಳ ಬಾಡಿಗೆ ಕೋಣೆಗಳಲ್ಲಿ ಹಾಲಿನವನು ಬರುವ ಮೊದಲೇ ಎದ್ದು ಈ ಪಂದ್ಯ ನೋಡುವ ತರುಣರಿದ್ದಾರೆ. ಅವರ ಮಾತಿನಲ್ಲಿ ಪದೇ ಪದೇ ಕೇಳಿಬರುವ ಪದ ‘ಕ್ವಾರ್ಟರ್‌ಬ್ಯಾಕ್’. ಅದೇ ಮನೆಯ ಹಿರಿಯರು “ಹಾಗೆಂದರೆ ಏನಪ್ಪಾ?” ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಗೋಲ್‌ಕೀಪರ್ ಎಂದರೆ ಅರ್ಥವಾಗುತ್ತದೆ, ವಿಕೆಟ್‌ಕೀಪರ್ ಎಂದರೆ ಅರ್ಥವಾಗುತ್ತದೆ. ಇದು ಅಂಥದ್ದಲ್ಲ.

ಆದರೆ ಈ ಪದದ ಹಿಂದಿರುವ ಸಂಗತಿ ಕನ್ನಡಿಗರಿಗೆ ಹೊಸದಲ್ಲ. ಒಂದು ತಂಡದ ಆಕ್ರಮಣವೆಲ್ಲ ಒಬ್ಬನ ಮೂಲಕ ಹಾದುಹೋಗುವುದು, ಅವನ ಸ್ವಭಾವವೇ ಕ್ರಮೇಣ ತಂಡದ ಸ್ವಭಾವವಾಗಿಬಿಡುವುದು ನಮ್ಮ ಮಣ್ಣಿನ ಆಟದಲ್ಲೂ ಉಂಟು. ಆ ಆಟ ಕಬಡ್ಡಿ. ಆ ಒಬ್ಬ ಮುಖ್ಯ ದಾಳಿಗಾರ, ಅಂದರೆ ರೈಡರ್. ಇಂದಿನ ಮಾತಿನ ವಸ್ತು ಅದೇ.

ಮೊದಲು ಅಮೆರಿಕದ ಆಟವನ್ನೇ ನೋಡೋಣ. ಅಲ್ಲಿ ಮೈದಾನದಲ್ಲಿ ತಂಡಕ್ಕೆ 11 ಮಂದಿ. ಆಕ್ರಮಣ ಮಾಡುವ ತಂಡದ ನಡುವಿನ ಆಟಗಾರ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಬಹುಮಟ್ಟಿಗೆ ಪ್ರತಿ ಸಲವೂ ಅದು ಸೇರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಅದನ್ನು ದೂರ ಎಸೆಯಬೇಕೇ, ಹತ್ತಿರದವನಿಗೆ ಕೊಡಬೇಕೇ, ತಾನೇ ಹೊತ್ತು ಓಡಬೇಕೇ ಎಂಬುದನ್ನು ಎರಡು ಮೂರು ಸೆಕೆಂಡುಗಳಲ್ಲಿ ಅವನು ನಿರ್ಧರಿಸಬೇಕು. ಹೀಗಾಗಿ ಅವನ ತೋಳಿನ ಬಲ, ಕಣ್ಣಿನ ಚುರುಕು, ಎದೆಗಾರಿಕೆ ಇವೆಲ್ಲ ಕೂಡಿ ತಂಡದ ಶೈಲಿಯನ್ನು ರೂಪಿಸುತ್ತವೆ.

ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ಸಿನ್ಸಿನಾಟಿ ಬೆಂಗಾಲ್ಸ್ ತಂಡದಲ್ಲಿ ಗ್ರೆಗ್ ಕುಕ್ ಎಂಬ ಬಲಶಾಲಿ ತೋಳಿನ ಕ್ವಾರ್ಟರ್‌ಬ್ಯಾಕ್ ಇದ್ದರು. 1969ರಲ್ಲಿ ಅವರ ಭುಜಕ್ಕೆ ಪೆಟ್ಟಾಯಿತು. 1970ರಲ್ಲಿ ಅವರ ಜಾಗಕ್ಕೆ ಬಂದ ವರ್ಜಿಲ್ ಕಾರ್ಟರ್ ಅವರಿಗೆ ಚೆಂಡನ್ನು ಅಷ್ಟು ದೂರ ಎಸೆಯುವ ಶಕ್ತಿಯಿರಲಿಲ್ಲ. ಆದರೆ ಗುರಿ ಖಚಿತ, ಬುದ್ಧಿ ಚುರುಕು. ಸಹಾಯಕ ತರಬೇತುದಾರರಾಗಿದ್ದ ಬಿಲ್ ವಾಲ್ಶ್ ಅವರಿಗೆ ಹೊಂದುವಂತೆ ಆಟವನ್ನೇ ಬದಲಿಸಿದರು. ಉದ್ದನೆಯ ಎಸೆತಗಳ ಬದಲು ಮೈದಾನದ ಅಗಲಕ್ಕೆ ಹರಡಿದ ಗಿಡ್ಡ, ನಿಖರ ಎಸೆತಗಳು ಬಂದವು. ಮುಂದೆ ವಾಲ್ಶ್ ಇದೇ ಪದ್ಧತಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಒಯ್ದು, ಜೋ ಮೊಂಟಾನಾ ಅವರ ಕೈಯಲ್ಲಿಟ್ಟು ಮೂರು ಸೂಪರ್ ಬೌಲ್ ಗೆದ್ದರು. ಒಬ್ಬ ಆಟಗಾರನ ಮಿತಿಯೇ ಒಂದು ಪರಂಪರೆಗೆ ತಾಯಿಬೇರಾದ ಕಥೆ ಇದು.

ಈಗ ಕಬಡ್ಡಿಗೆ ಬರೋಣ. ಹುತುತು, ಚೆಡುಗುಡು ಎಂದೆಲ್ಲ ಬೇರೆ ಬೇರೆ ಸೀಮೆಗಳಲ್ಲಿ ಕರೆಸಿಕೊಂಡ ಈ ಆಟಕ್ಕೆ ಹಿಂದೆ ಮೂರು ಬಗೆಗಳಿದ್ದವು. ‘ಅಮರ’ ಪದ್ಧತಿಯಲ್ಲಿ ಔಟಾದವನು ಹೊರಹೋಗುವುದಿಲ್ಲ. ಎದುರಾಳಿಗೆ ಅಂಕ ಮಾತ್ರ ಸಿಗುತ್ತದೆ. ‘ಗಾಮಿನಿ’ಯಲ್ಲಿ ಔಟಾದವನು ತನ್ನ ಇಡೀ ತಂಡ ಔಟಾಗುವ ತನಕ ಹೊರಗೇ ಇರಬೇಕು. ‘ಸಂಜೀವಿನಿ’ಯಲ್ಲಿ ಮಾತ್ರ ಎದುರಾಳಿಯೊಬ್ಬ ಔಟಾದಾಗ ನಮ್ಮವನೊಬ್ಬ ಜೀವ ಪಡೆದು ಒಳಬರುತ್ತಾನೆ. ಇಂದಿನ ಕಬಡ್ಡಿ ನಿಂತಿರುವುದು ಈ ಸಂಜೀವಿನಿಯ ಮೇಲೆ. ಮುಖ್ಯ ದಾಳಿಗಾರನ ಮಹತ್ವದ ಗುಟ್ಟು ಅಡಗಿರುವುದೂ ಇಲ್ಲೇ.

ಲೆಕ್ಕ ಸರಳವಾಗಿದೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ತಂಡಕ್ಕೆ 7 ಮಂದಿ. ಒಂದು ದಾಳಿಗೆ 30 ಸೆಕೆಂಡು. ಎದುರಾಳಿಯನ್ನು ಮುಟ್ಟಿ ಬಂದರೆ ಅಂಕವೂ ಉಂಟು, ಹೊರಗೆ ಕುಳಿತ ಜೊತೆಗಾರನಿಗೆ ಜೀವವೂ ಉಂಟು. ಎದುರಿಗೆ ಆರು ಅಥವಾ ಏಳು ಮಂದಿ ಇದ್ದಾಗ ಬೋನಸ್ ಗೆರೆ ದಾಟಿದರೆ ಅಂಕ ಸಿಗುತ್ತದೆಯೇ ಹೊರತು ಯಾರೂ ಒಳಬರುವುದಿಲ್ಲ. ಲೀಗ್ ಪಂದ್ಯಗಳಲ್ಲಿ ಸತತ ಎರಡು ದಾಳಿ ಬರಿಗೈಯಾದರೆ ಮೂರನೆಯದು ‘ಮಾಡು ಇಲ್ಲವೆ ಮಡಿ’. ಅದರಲ್ಲಿ ಅಂಕ ತಾರದವನು ತಾನೇ ಔಟ್.

ಇಂಥ ಆಟದಲ್ಲಿ ಮುಖ್ಯ ದಾಳಿಗಾರ ಸಿಕ್ಕಿಬಿದ್ದರೆ ಎದುರಾಳಿಗೆ ದೊರೆಯುವುದು ಒಂದು ಅಂಕವಷ್ಟೇ ಅಲ್ಲ. ಅವನು ಹೊರಗಿರುವಷ್ಟು ಹೊತ್ತು ತಂಡದ ಬಾಯಿಗೆ ಬೀಗ. ಔಟಾದ ಕ್ರಮದಲ್ಲೇ ಒಳಬರಬೇಕೆಂಬ ನಿಯಮವಿರುವುದರಿಂದ, ಅವನಿಗಿಂತ ಮೊದಲು ಔಟಾದ ಇಬ್ಬರಿದ್ದರೆ ಎದುರಾಳಿಯ ಮೂವರು ಔಟಾಗುವ ತನಕ ಅವನು ಕಾಯಬೇಕು. ಆ ಮೂವರನ್ನು ಔಟ್ ಮಾಡುವವರಾರು? ಎರಡನೆಯ, ಮೂರನೆಯ ದಾಳಿಗಾರರು, ಜೊತೆಗೆ ರಕ್ಷಕರು. ತಂಡ ಗಟ್ಟಿಯೋ ಟೊಳ್ಳೋ ಎಂಬುದು ತಿಳಿಯುವುದು ಆಗಲೇ.

ಕ್ವಾರ್ಟರ್‌ಬ್ಯಾಕ್‌ಗೂ ದಾಳಿಗಾರನಿಗೂ ವ್ಯತ್ಯಾಸ ಇಲ್ಲದಿಲ್ಲ. ಕ್ವಾರ್ಟರ್‌ಬ್ಯಾಕ್‌ನ ಮುಂದೆ ಅವನನ್ನು ಕಾಯುವ ಐವರು ದೈತ್ಯರು ಗೋಡೆಯಂತೆ ನಿಲ್ಲುತ್ತಾರೆ. ಎದುರಾಳಿ ಆಕ್ರಮಣ ಮಾಡುವಾಗ ಅವನು ಬೆಂಚಿನಲ್ಲಿ ನೀರು ಕುಡಿಯುತ್ತಿರುತ್ತಾನೆ. ಕಬಡ್ಡಿಯ ದಾಳಿಗಾರನಿಗೆ ಈ ಸೌಕರ್ಯವಿಲ್ಲ. ಗೆರೆ ದಾಟಿದ ಮೇಲೆ ಅವನು ಒಂಟಿ. ಮರಳಿ ಬಂದ ಮೇಲೆ ರಕ್ಷಣೆಗೂ ನಿಲ್ಲಬೇಕು. ಆದ್ದರಿಂದ ಅವನ ಮೇಲಿನ ಹೊರೆ ಇನ್ನೂ ಹೆಚ್ಚು ಎನ್ನಬೇಕು.

ಈ ಹೊರೆ ಹೊತ್ತವರ ಪೈಕಿ ಬೆಂಗಳೂರಿನವರಿಗೆ ಬಲು ಹತ್ತಿರವಾದ ಹೆಸರು ಪವನ್ ಸೆಹ್ರಾವತ್. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದಾಗ ಬೆಂಗಳೂರು ಬುಲ್ಸ್ ತಂಡವೂ ಹುಟ್ಟಿತು. 2015ರ ಫೈನಲ್‌ನಲ್ಲಿ ಅದು ಯು ಮುಂಬಾಗೆ ಸೋತಿತು. 2017ರಲ್ಲಿ ರೋಹಿತ್ ಕುಮಾರ್ ಒಂದೇ ಪಂದ್ಯದಲ್ಲಿ 30ಕ್ಕೂ ಹೆಚ್ಚು ಅಂಕ ತಂದು ಬೆರಗು ಹುಟ್ಟಿಸಿದರು. 2016ರಲ್ಲಿ ಬುಲ್ಸ್‌ನಲ್ಲೇ ಲೀಗ್ ಆಟ ಆರಂಭಿಸಿ, 2017ರಲ್ಲಿ ಗುಜರಾತ್ ತಂಡಕ್ಕೆ ಹೋಗಿದ್ದ ಪವನ್ 2018ರಲ್ಲಿ ಮರಳಿ ಬಂದರು. ಅಲ್ಲಿಂದ ತಂಡದ ಚಹರೆಯೇ ಬೇರೆಯಾಯಿತು.

ಪವನ್ ಅವರದು ಓಟ ಮತ್ತು ಜಿಗಿತದ ಆಟ. ಕಾಲಿಗೆ ಬೀಳಲು ಬಂದವರ ತಲೆಯ ಮೇಲಿಂದಲೇ ಹಾರಿ ಮಧ್ಯದ ಗೆರೆ ಮುಟ್ಟುವುದು ಅವರ ಗುರುತು. ಇದಕ್ಕೆ ಸರಿಯಾಗಿ ವಿರುದ್ಧವಾದದ್ದು ಪರ್ದೀಪ್ ನರ್ವಾಲ್ ಅವರ ‘ಡುಬ್ಕಿ’. ಕೈ ಕೈ ಹಿಡಿದ ಸರಪಳಿಯ ಅಡಿಯಲ್ಲಿ ಮುಳುಗಿ ಏಳುವ ವಿದ್ಯೆ ಅದು. ಒಬ್ಬರು ಮೇಲಿನಿಂದ, ಇನ್ನೊಬ್ಬರು ಕೆಳಗಿನಿಂದ. ಎದುರಾಳಿಯ ರಕ್ಷಣೆ ಯಾವ ಎತ್ತರದಲ್ಲಿ ಹಿಡಿಯಬೇಕು, ಎಷ್ಟು ಹಿಂದೆ ನಿಲ್ಲಬೇಕು ಎಂಬುದನ್ನೆಲ್ಲ ಇದೇ ನಿರ್ಧರಿಸುತ್ತದೆ. ತಂಡದ ಶೈಲಿ ಎಂದರೆ ಹೀಗೆ ಎದುರಾಳಿಯ ಮನಸ್ಸಿನಲ್ಲಿ ಮೊದಲೇ ಮೂಡುವ ಭಯದ ಆಕಾರ.

2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಬುಲ್ಸ್ ಅರ್ಧ ವೇಳೆಗೆ ಗುಜರಾತ್ ಎದುರು 9–16ರಿಂದ ಹಿಂದಿತ್ತು. ಕೊನೆಗೆ 38–33ರಿಂದ ಗೆದ್ದಿತು. ಆ 38ರಲ್ಲಿ 22 ಅಂಕ ಪವನ್ ಅವರದು. ಅದೇ ವರ್ಷ ಅಕ್ಟೋಬರ್ 2ರಂದು ಪಂಚಕುಲದಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ ಅವರು ದಾಳಿಯಿಂದಲೇ 39 ಅಂಕ ಗಳಿಸಿ ದಾಖಲೆ ಬರೆದರು. ತಂಡದ ಒಟ್ಟು ಗಳಿಕೆ 59. ಮೂರರಲ್ಲಿ ಎರಡು ಪಾಲು ಒಬ್ಬನದೇ ಎಂದಾಯಿತು. ಸಂತೋಷಪಡಬೇಕಾದ ಅಂಕಿ ಇದು; ಜೊತೆಗೆ ತುಸು ಅಂಜಬೇಕಾದ ಅಂಕಿಯೂ ಹೌದು.

ಯಾಕೆಂದರೆ ಒಬ್ಬನ ಉಸಿರಿನಲ್ಲಿ ಬದುಕುವ ತಂಡಕ್ಕೆ ಅವನ ಉಸಿರು ಕಟ್ಟಿದರೆ ಬೇರೆ ಗತಿಯಿಲ್ಲ. 346 ದಾಳಿ ಅಂಕ ತಂದ 2019ರ ಋತುವಿನಲ್ಲೂ, 304 ತಂದ ಅದರ ಮುಂದಿನ ಋತುವಿನಲ್ಲೂ ಪವನ್ ಲೀಗ್‌ನ ಅಗ್ರ ದಾಳಿಗಾರ. ಬುಲ್ಸ್ ಮಾತ್ರ ಎರಡೂ ಸಲ ಸೆಮಿಫೈನಲ್‌ನಲ್ಲಿ ದಬಂಗ್ ಡೆಲ್ಲಿಗೆ ಸೋತಿತು. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ಅವರನ್ನು 2.26 ಕೋಟಿ ರೂಪಾಯಿಗೆ ಕೊಂಡಿತು. ಹೊಸ ತಂಡದ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಆ ಋತುವಿಡೀ ಅವರು ಹೊರಗುಳಿದರು. 2023ರಲ್ಲಿ ತೆಲುಗು ಟೈಟಾನ್ಸ್ 2.6 ಕೋಟಿಗೂ ಹೆಚ್ಚು ಕೊಟ್ಟು ಕೊಂಡಿತು. ಆ ಋತುವಿನಲ್ಲಿ ಟೈಟಾನ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಎರಡನ್ನು ಮಾತ್ರ, ಸ್ಥಾನ ಕಟ್ಟಕಡೆಯದು. ಪವನ್ ಅದೇ ಪವನ್. ಸುತ್ತಲಿನ ಆರು ಜನ ಬೇರೆ, ಅಷ್ಟೇ.

ಇತ್ತ ಬುಲ್ಸ್ ಕಥೆಯೂ ಗಮನಾರ್ಹ. ಪವನ್ ಹೋದ ವರ್ಷ ತಂಡ ಮುಳುಗಲಿಲ್ಲ. ಭರತ್ ಎಂಬ ತರುಣ 279 ದಾಳಿ ಅಂಕ ತಂದು ಸೆಮಿಫೈನಲ್‌ವರೆಗೆ ಎಳೆದರು. ಆದರೆ 2024ರಲ್ಲಿ ಲೀಗ್ ಇತಿಹಾಸದಲ್ಲೇ ಮೊದಲು 1,000 ದಾಳಿ ಅಂಕ ದಾಟಿದ್ದ ಪರ್ದೀಪ್ ನರ್ವಾಲ್ ಅವರನ್ನು ಕರೆತಂದಾಗ ತಂಡ ಕೊನೆಯ ಸ್ಥಾನಕ್ಕೆ ಇಳಿಯಿತು. ದೊಡ್ಡ ಹೆಸರನ್ನು ಕೊಂಡರೆ ಶೈಲಿಯೂ ಅದರೊಂದಿಗೆ ಗಂಟುಕಟ್ಟಿ ಬರುತ್ತದೆ ಎಂಬ ನಂಬಿಕೆ ಎಷ್ಟು ದುರ್ಬಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಬೇಕಿಲ್ಲ. ಅಮೆರಿಕದಲ್ಲಿ ನಡೆದದ್ದನ್ನೂ ಇದರ ಪಕ್ಕದಲ್ಲಿಟ್ಟು ನೋಡಬಹುದು. ಟಾಮ್ ಬ್ರೇಡಿ 20 ಋತುಗಳ ಬಳಿಕ 2020ರಲ್ಲಿ ನ್ಯೂ ಇಂಗ್ಲೆಂಡ್ ತಂಡ ಬಿಟ್ಟು ಟ್ಯಾಂಪಾ ಬೇ ಸೇರಿದರು. ಹೊಸ ತಂಡ 2021ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಹಳೆಯ ತಂಡ ಆ ಋತುವಿನಲ್ಲಿ ಪ್ಲೇಆಫ್ ಹಂತವನ್ನೂ ಮುಟ್ಟಲಿಲ್ಲ. ಬ್ರೇಡಿ ಗೆದ್ದದ್ದು ನಿಜ. ಆದರೆ ಅವರು ಹೋಗಿ ಸೇರಿದ್ದು ಒಳ್ಳೆಯ ಜೊತೆಗಾರರು ಮೊದಲೇ ಇದ್ದ ತಂಡವನ್ನು ಎಂಬುದನ್ನೂ ಮರೆಯುವಂತಿಲ್ಲ.

ಹಾಗಾದರೆ ಇನ್ನೊಂದು ದಾರಿ ಇದೆಯೇ? ಇದೆ. ಅದನ್ನು ತೋರಿಸಿದವರು ಕರ್ನಾಟಕದವರೇ ಆದ ಬಿ.ಸಿ. ರಮೇಶ್. 2002ರ ಬೂಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಆಡಿದ, ಅರ್ಜುನ ಪ್ರಶಸ್ತಿ ಪಡೆದ ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡದ ತರಬೇತುದಾರರಾಗಿದ್ದರು. ಆ ತಂಡದ ನಾಯಕ ಹಾಗೂ ಮುಖ್ಯ ದಾಳಿಗಾರ ಮಣಿಂದರ್ ಸಿಂಗ್ ಗಾಯದಿಂದಾಗಿ ಫೈನಲ್ ಆಡಲಿಲ್ಲ. ಕ್ವಾರ್ಟರ್‌ಬ್ಯಾಕ್ ಇಲ್ಲದೆ ಸೂಪರ್ ಬೌಲ್‌ಗೆ ಇಳಿದಂತೆ. ಆದರೂ ಅಕ್ಟೋಬರ್ 19ರಂದು ಅಹಮದಾಬಾದಿನಲ್ಲಿ ವಾರಿಯರ್ಸ್ 39–34ರಿಂದ ದಬಂಗ್ ಡೆಲ್ಲಿಯನ್ನು ಮಣಿಸಿತು. ಇರಾನಿನ ಮೊಹಮ್ಮದ್ ನಬಿಬಕ್ಷ್ ಮುಂದೆ ನಿಂತರು. ಕರ್ನಾಟಕದ ಸುಕೇಶ್ ಹೆಗ್ಡೆ ಹೆಗಲು ಕೊಟ್ಟರು. ಅತ್ತ ಡೆಲ್ಲಿಯ ನವೀನ್ ಕುಮಾರ್ ಒಬ್ಬರೇ 18 ಅಂಕ ತಂದರೂ ಕಪ್ ಕೈಗೆ ಬರಲಿಲ್ಲ.

ನಾಲ್ಕು ವರ್ಷಗಳಿಗೂ ಹೆಚ್ಚು ಕಾಲದ ನಂತರ, 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ರಮೇಶ್ ಅವರ ಪುಣೇರಿ ಪಲ್ಟನ್ 28–25ರಿಂದ ಹರಿಯಾಣವನ್ನು ಸೋಲಿಸಿತು. ಅಸ್ಲಂ ಇನಾಮ್ದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ಈ ಮೂವರ ನಡುವೆ ದಾಳಿ ಹಂಚಿಹೋಗಿತ್ತು. ಫೈನಲ್‌ನಲ್ಲಿ ಪಂಕಜ್ ಒಂದೇ ದಾಳಿಯಲ್ಲಿ ನಾಲ್ಕು ಅಂಕ ಬಾಚಿದ್ದು ನಿರ್ಣಾಯಕವಾಯಿತು. ಇಂಥ ತಂಡದಲ್ಲಿ ಯಾರನ್ನು ಹಿಡಿದು ಕೂರಿಸಿದರೆ ಆಕ್ರಮಣ ನಿಲ್ಲುತ್ತದೆ ಎಂಬುದು ಎದುರಾಳಿಗೆ ತಿಳಿಯುವುದಿಲ್ಲ. ಅದೂ ಒಂದು ಶೈಲಿಯೇ. 2025ರಲ್ಲಿ ರಮೇಶ್ ಬೆಂಗಳೂರು ಬುಲ್ಸ್ ತಂಡದ ಹೊಣೆ ಹೊತ್ತಾಗ ಈ ಎರಡು ದಾರಿಗಳೂ ಒಂದೇ ಊರಿನಲ್ಲಿ ಸಂಧಿಸಿದವು.

ಇದೆಲ್ಲ ಹಣವಂತರ ಲೀಗ್‌ನ ಮಾತು, ನಮಗೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಇದು ಹೆಚ್ಚು ತಟ್ಟುವುದು ಶಾಲೆ, ಕಾಲೇಜುಗಳ ತಂಡಗಳಿಗೆ. ಬನಶಂಕರಿ, ಜಯನಗರದ ಮೈದಾನಗಳಲ್ಲಿ ಅಂತರಶಾಲಾ ಪಂದ್ಯಾವಳಿಗೆ ತಯಾರಾಗುವ ತಂಡವೊಂದರಲ್ಲಿ ಚುರುಕಾದ ಹುಡುಗನೊಬ್ಬ ಸಿಕ್ಕಿದರೆ ಎಲ್ಲ ದಾಳಿಗೂ ಅವನನ್ನೇ ಕಳಿಸುವ ಆಸೆ ಯಾವ ಮೇಷ್ಟರಿಗೂ ಸಹಜ. ಟ್ರೋಫಿ ಬರಬಹುದು. ಆದರೆ ಹದಿನಾಲ್ಕರ ಆ ಹುಡುಗನ ಮೊಣಕಾಲು ಎಷ್ಟು ಹೊರೆ ತಾಳೀತು? ಉಳಿದ ಆರು ಮಂದಿ ಗೆರೆ ದಾಟುವ ಧೈರ್ಯವನ್ನು ಕಲಿಯುವುದು ಯಾವಾಗ? ದಾಳಿಗೆ ಹೋಗದವನಿಗೆ ದಾಳಿಯ ಭಯ ಹೋಗುವುದಿಲ್ಲ.

ಕರ್ನಾಟಕದ ಹೆಣ್ಣುಮಕ್ಕಳ ಪರಂಪರೆಯನ್ನು ಇಲ್ಲಿ ನೆನೆಯಬೇಕು. ಏಷ್ಯನ್ ಕ್ರೀಡಾಕೂಟಕ್ಕೆ ಮಹಿಳಾ ಕಬಡ್ಡಿ ಮೊದಲ ಬಾರಿಗೆ ಸೇರಿದ 2010ರ ಗುವಾಂಗ್‌ಜೌ ಕೂಟದಲ್ಲೂ, 2014ರ ಇಂಚಿಯಾನ್ ಕೂಟದಲ್ಲೂ ಚಿನ್ನ ಗೆದ್ದ ಭಾರತ ತಂಡಗಳಲ್ಲಿ ನಮ್ಮ ತೇಜಸ್ವಿನಿ ಬಾಯಿ ಹಾಗೂ ಕಾರ್ಕಳ ಸೀಮೆಯ ಮಮತಾ ಪೂಜಾರಿ ಇಬ್ಬರೂ ಇದ್ದರು. ಒಂದೇ ರಾಜ್ಯದಿಂದ ಒಂದೇ ಕಾಲಕ್ಕೆ ಇಬ್ಬರು ಅರ್ಜುನ ಪ್ರಶಸ್ತಿಯ ಆಟಗಾರ್ತಿಯರು ಬೆಳೆದು ಬಂದದ್ದು ಸಾಮಾನ್ಯ ಸಂಗತಿಯಲ್ಲ.

‘ನಮ್ಮ ತಂಡ’ ಎಂಬ ಮಾತಿಗೂ ಇಲ್ಲಿ ಅರ್ಥ ಹುಡುಕಬೇಕು. ಬುಲ್ಸ್ ಚಾಂಪಿಯನ್ ಆದ ಋತುವಿನಲ್ಲಿ ಅದರ ತವರಿನ ಪಂದ್ಯಗಳು ನಡೆದದ್ದು ಪುಣೆಯಲ್ಲಿ. ಮುಖ್ಯ ದಾಳಿಗಾರ ಉತ್ತರದವರು. ಆದರೂ 2019ರಲ್ಲಿ ಪಂದ್ಯಗಳು ಕಂಠೀರವ ಒಳಾಂಗಣಕ್ಕೆ ಮರಳಿದಾಗ ಜನ ಅವರನ್ನು ತಮ್ಮವರೆಂದೇ ಬರಮಾಡಿಕೊಂಡರು. ಹರಾಜಿನಲ್ಲಿ ಬಂದವರು ಹರಾಜಿನಲ್ಲೇ ಹೋಗುತ್ತಾರೆ. ಊರಿಗೆ ಉಳಿಯುವುದು ಆಡುವ ರೀತಿ, ಅದನ್ನು ನೋಡಿ ಕಲಿತ ಮಕ್ಕಳು.

ಮುಂದಿನ ರಾಜ್ಯೋತ್ಸವಕ್ಕೋ ಗಣೇಶನ ಹಬ್ಬಕ್ಕೋ ನಿಮ್ಮ ಬಡಾವಣೆಯಲ್ಲಿ ಹೊನಲು ಬೆಳಕಿನ ಕಬಡ್ಡಿ ನಡೆದರೆ ಒಂದು ಕೆಲಸ ಮಾಡಿ. ಮುಖ್ಯ ದಾಳಿಗಾರ ಔಟಾಗಿ ಹೊರಗೆ ಕುಳಿತ ಕ್ಷಣ ಅವನನ್ನು ನೋಡುವುದನ್ನು ಬಿಟ್ಟು, ಅವನ ಬದಲು ಗೆರೆಯತ್ತ ನಡೆಯುವ ಹುಡುಗನನ್ನು ನೋಡಿ. ಅವನ ಕಾಲು ನಡುಗುತ್ತಿದೆಯೇ, ಇಲ್ಲವೇ? ಆ ತಂಡದ ಬಗೆಗೆ ತಿಳಿಯಬೇಕಾದ ಬಹುಪಾಲು ಅಲ್ಲೇ ತಿಳಿಯುತ್ತದೆ.